ಕುಂಬಳಕಾಯಿ ನುಂಗಿದ ಕಾರು

ಅಪಘಾತದಲ್ಲಿ ಪೆಟ್ಟು ತಿಂದವನಿಗೆ ನಮ್ಮ ಸಮಾಜದಲ್ಲಿ ಒಂದು ಸ್ಥಾನವಿದೆ. ಅವನಿಗೆ ಬ್ಯಾಂಡೇಜು ಇರುತ್ತದೆ, ನೋಡಲು ಬರುವ ನೆಂಟರಿರುತ್ತಾರೆ, ನೆಂಟರು ತರುವ ಮೂಸಂಬಿ ಇರುತ್ತದೆ. ಪಕ್ಕದಲ್ಲಿ ನಿಂತು ನೋಡಿದವನಿಗೆ ಇದ್ಯಾವುದೂ ಇಲ್ಲ. "ನಿಮಗೇನಾಯ್ತು? ನೀವು ಸುಮ್ನೆ ನಿಂತಿದ್ರಿ ತಾನೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಜನ ಪೇಪರ್ ಬಿಡಿಸುತ್ತಾರೆ. ನನ್ನ ಪ್ರಕರಣದಲ್ಲಂತೂ ಪೆಟ್ಟು ತಿಂದವರೇ ಇಲ್ಲ. ಕಾರು ಓಡಿಸಿದ ನನ್ನ ಭಾವಮೈದುನ ಅವತ್ತು ಮಧ್ಯಾಹ್ನವೇ ಹೊಟ್ಟೆ ತುಂಬ ಕಡುಬು ತಿಂದು, ಗೋಡೆಯ ಕಡೆ ತಿರುಗಿ ಗೊರಕೆ ಹೊಡೆದ. ಕಾರಿಗೂ ಒಂದೆರಡು ಗೀರು ಬಿಟ್ಟರೆ ಏನೂ ಆಗಲಿಲ್ಲ. ಆದದ್ದೆಲ್ಲ ನನಗೆ. ಇವತ್ತಿಗೂ ಊಟಕ್ಕೆ ಕೂತಾಗ ಹೆಂಡತಿ ತಟ್ಟೆಯನ್ನು ಮೇಜಿನ ಮೇಲೆ ನನ್ನ ಕಡೆ ಜಾರಿಸಿದರೆ, ನಾನು ಕುರ್ಚಿ ಸಮೇತ ಪಕ್ಕಕ್ಕೆ ಸರಿಯುತ್ತೇನೆ. ಕಾಲೇಜಿನ ಕಾರಿಡಾರಿನಲ್ಲಿ ಯಾರಾದರೂ ಹಿಂದಿನಿಂದ ಚಪ್ಪಲಿ ಎಳೆದುಕೊಂಡು ಬಂದರೆ ಗೋಡೆಗೆ ಅಂಟಿಕೊಳ್ಳುತ್ತೇನೆ. ವಿದ್ಯಾರ್ಥಿಗಳು ಇದನ್ನು ವಿನಯ ಎಂದು ತಿಳಿದಿದ್ದಾರೆ.

ಭಾವಮೈದುನನ ಹೆಸರು ಚಂದ್ರಶೇಖರ, ಮನೆಯವರಿಗೆ ಚಂದ್ರು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಹಲ್ಲಿನ ಡಾಕ್ಟರ್. ಮನೆ ಇರುವುದು ಜನ್ನಾಪುರದಲ್ಲಿ, ಅಮ್ಮನ ಜೊತೆ. ಚಿಕ್ಕಂದಿನಿಂದಲೂ ಅವನಿಗೆ ಚಕ್ರ, ಎಂಜಿನ್ನು, ಗ್ರೀಸ್ ಎಂದರೆ ಪ್ರಾಣ. ಆದರೆ ನನ್ನ ಮಾವನವರಿಗೆ ಮನೆಯಲ್ಲೊಬ್ಬ ಡಾಕ್ಟರ್ ಬೇಕಾಗಿತ್ತು. ಇವನು ಎದುರು ಮಾತಾಡುವ ಜಾತಿಯಲ್ಲ. "ಬಾಯಿ ತೆಗೀರಿ, ಕಚ್ಚಿ, ಉಗೀರಿ" ಎಂಬ ಮೂರು ಮಾತುಗಳಲ್ಲಿ ಅರ್ಧ ಆಯಸ್ಸು ಕಳೆದ. ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಮಾವನವರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಮನೆಯ ಹಿಂದಿನ ಶೆಡ್ಡಿನಿಂದ ವೆಲ್ಡಿಂಗಿನ ನೀಲಿ ಬೆಳಕು ಕಾಣತೊಡಗಿದಾಗ ಅತ್ತೆ ಮೊದಲು ತಿಳಿದದ್ದು, ಮಗ ಗೇಟು ಮಾಡಿಸುತ್ತಿದ್ದಾನೆ ಎಂದು. ಗೇಟು ದಿನ ಕಳೆದಂತೆ ಉದ್ದವಾಯಿತು, ಅದಕ್ಕೆ ನಾಲ್ಕು ಚಕ್ರ ಬಂದವು, ಮಧ್ಯದಲ್ಲಿ ಮೋಟಾರ್ ಬೈಕಿನ ಎಂಜಿನ್ ಕೂತಿತು. ಪೈಪಿನ ಚೌಕಟ್ಟು ಬೆಸೆದವನು ಸೆಲ್ವಂ. ಫ್ಯಾಕ್ಟರಿಯಿಂದ ನಿವೃತ್ತನಾದ ವೆಲ್ಡರ್, ಚಂದ್ರುವಿನ ಹಳೆಯ ಪೇಷಂಟು. ಫೈಬರಿನ ಮೈಯನ್ನು ಚಂದ್ರು ತಾನೇ ಎರಕ ಹೊಯ್ದು ಉಜ್ಜಿ ನುಣುಪು ಮಾಡಿದ. ಹಲ್ಲಿಗೆ ಪಾಲಿಶ್ ಹಾಕಿ ಪಳಗಿದ ಕೈ. ಕೊನೆಗೆ ಸಿದ್ಧವಾದ ಕಾರಿಗೆ ಬಾಗಿಲಿಲ್ಲ, ಛಾವಣಿಯಿಲ್ಲ, ಕನ್ನಡಿಯಿಲ್ಲ. ಇರುವುದು ಒಂದೇ ಸೀಟು. ನಾವಿಬ್ಬರು ಸೇರಿದರೆ ಅದರ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ಇಡಬಹುದಿತ್ತು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಮೂರು ಬೆರಳಿನಷ್ಟು ಜಾಗ. ಜನ್ನಾಪುರದ ಯಾವ ಹಂಪನ್ನೂ ಅದು ದಾಟಲಾರದು. ಮನೆಯ ಗೇಟನ್ನೇ ದಾಟಲಾರದು. ಇಷ್ಟು ಕಷ್ಟಪಟ್ಟು ರಸ್ತೆಗೆ ಬಾರದ ಕಾರನ್ನು ಮಾಡಿದ್ದೇಕೆ ಎಂದು ಕೇಳಿದರೆ, "ಟ್ರ್ಯಾಕ್ ಡೇಗೆ ಭಾವ" ಎಂದ.

ಟ್ರ್ಯಾಕ್ ಡೇ ಎಂದರೆ ರೇಸಲ್ಲ. ತಮಿಳುನಾಡಿನಲ್ಲಿರುವ ರೇಸಿನ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಹವ್ಯಾಸಿಗಳಿಗೆ ಬಿಡುತ್ತಾರಂತೆ. ಅವರು ತಮ್ಮ ತಮ್ಮ ಕಾರನ್ನು ತಂದು, ಮನಸ್ಸು ತಣಿಯುವಷ್ಟು ಸುತ್ತು ಹೊಡೆದು ಮನೆಗೆ ಹೋಗುತ್ತಾರಂತೆ. ಇದನ್ನು ಕೇಳಿ ನನ್ನ ಅತ್ತೆ ಬಹಳ ಹೊತ್ತು ಯೋಚಿಸಿ ಹೇಳಿದರು: "ಯಾರನ್ನೂ ಸೋಲ್ಸೋದಿಲ್ಲ, ಏನೂ ಗೆಲ್ಲೋದಿಲ್ಲ, ಹೊರಟಲ್ಲಿಗೇ ವಾಪಸ್ ಬರೋದು. ಅದಕ್ಕೆ ತಮಿಳುನಾಡಿಗೆ ಯಾಕೋ ಹೋಗ್ಬೇಕು? ಇಲ್ಲೇ ದೇವಸ್ಥಾನಕ್ಕೆ ಸುತ್ತು ಹಾಕು, ಪುಣ್ಯನಾದ್ರೂ ಬರುತ್ತೆ."

ಆ ಕಾರಿನ ಗುಟ್ಟು ನನಗೆ ತಿಳಿದದ್ದು ಅವನ ಕ್ಲಿನಿಕ್ಕಿನ ಕುರ್ಚಿಯಲ್ಲಿ, ಬಾಯಿ ಅಗಲಿಸಿ ಮಲಗಿದ್ದಾಗ. ಚಂದ್ರು ಮನೆಯಲ್ಲಿ ಮಾತಾಡುವುದಿಲ್ಲ. ಎದುರಿನವರ ಬಾಯಿಯಲ್ಲಿ ಹತ್ತಿ ತುರುಕಿದ ಮೇಲೆ ಅವನಿಗೆ ಮಾತು ಬರುತ್ತದೆ. ಅವನು ನನ್ನ ದವಡೆಯೊಳಗೆ ಉಗುಳು ಹೀರುವ ಪ್ಲಾಸ್ಟಿಕ್ ನಳಿಕೆಯನ್ನು ಇಟ್ಟಿದ್ದ. ಅದು ಜಾರಿ ಕೆನ್ನೆಗೆ ಪಚಕ್ಕನೆ ಕಚ್ಚಿಕೊಂಡಿತು.

"ನೋಡಿದ್ರಾ ಭಾವ? ಈಗ ಅದನ್ನ ಯಾರು ಒತ್ತಿದ್ರು? ಯಾರೂ ಇಲ್ಲ. ಪೈಪಿನ ಒಳಗೆ ಗಾಳಿ ಒತ್ತಡ ಕಮ್ಮಿ, ಹೊರಗೆ ಜಾಸ್ತಿ. ಹೊರಗಿನದು ಒತ್ತುತ್ತೆ, ಕಚ್ಚಿಕೊಳ್ಳುತ್ತೆ. ನನ್ನ ಕಾರಿನ ಹೊಟ್ಟೆ ಕೆಳಗೂ ಇದೇ ಆಟ."

"ಆಆ" ಎಂದೆ.

"ಹ್ಞಾ, ಕರೆಕ್ಟ್" ಎಂದ.

ಕಾರಿನ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಸುರಂಗವಿದೆ. ಮುಂದೆ ಅಗಲ, ನಡುವೆ ಇಕ್ಕಟ್ಟು, ಹಿಂದಕ್ಕೆ ಹೋದಂತೆ ಮತ್ತೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ಓಡುವಾಗ ಗಾಳಿ ಆ ಇಕ್ಕಟ್ಟಿನಲ್ಲಿ ಅವಸರದಿಂದ ನುಗ್ಗುತ್ತದೆ. ಅವಸರಪಡುವ ಗಾಳಿಗೆ ಒತ್ತುವ ಶಕ್ತಿ ಕಮ್ಮಿ. ಆಗ ಮೇಲಿನ ಗಾಳಿ ಕಾರನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ. ಕಾರಿಗೆ ತೂಕವಿಲ್ಲ, ಆದರೆ ಓಡುತ್ತಿರುವಷ್ಟು ಹೊತ್ತು ಭಾರವಿದೆ. ಅದಕ್ಕೇ ಬೇರೆ ಕಾರುಗಳು ಜಾರಿ ಹೋಗುವ ತಿರುವಿನಲ್ಲಿ ಇದು ಹಲ್ಲಿಯ ಹಾಗೆ ಕಚ್ಚಿಕೊಂಡು ಹೋಗುತ್ತದೆ. ವಿಮಾನದ ರೆಕ್ಕೆಯನ್ನು ಮಗುಚಿ ಹಾಕಿದರೆ ಹೇಗೋ ಹಾಗೆ. ಪಕ್ಕದಿಂದ ಗಾಳಿ ಒಳನುಗ್ಗಿ ಆಟ ಕೆಡಿಸಬಾರದೆಂದು ಎರಡೂ ಬದಿಗೆ ನೆಲ ಸವರುವಂತೆ ರಬ್ಬರಿನ ಪಟ್ಟಿ ಇಳಿಬಿಟ್ಟಿದ್ದಾನೆ. ಅದಕ್ಕೆ ಸ್ಕರ್ಟ್ ಎನ್ನುತ್ತಾರೆ ಎಂದು ತಿಳಿದಾಗ ಅತ್ತೆ, "ನಿನ್ನ ಮದುವೆಗೆ ಸೀರೆ ತರೋಣ ಅಂದ್ರೆ ನೀನು ಕಾರಿಗೆ ಲಂಗ ಹೊಲಿಸ್ತಾ ಕೂತಿದೀಯ" ಎಂದರು.

ಮುಂದಿನ ಟ್ರ್ಯಾಕ್ ಡೇಗೆ ಹೋಗುತ್ತೇನೆ ಎಂದು ಚಂದ್ರು ಬಾಯಿಬಿಟ್ಟ ದಿನ ಜನ್ನಾಪುರದ ಮನೆಯಲ್ಲಿ ಸಣ್ಣದೊಂದು ಸಭೆ ಸೇರಿತು. ಶಿವಮೊಗ್ಗದಿಂದ ನಾನೂ ನನ್ನ ಹೆಂಡತಿ ಸುಮಾಳೂ ಹೋಗಿದ್ದೆವು. ಅತ್ತೆ ತೀರ್ಮಾನ ಹೇಳಿದರು: "ಅಳಿಯಂದಿರು ಸೈನ್ಸ್ ಮೇಷ್ಟ್ರು. ಕಾರು ಓಡೋದನ್ನ ಅವರು ಕಣ್ಣಾರೆ ನೋಡ್ಲಿ. ಸರಿ ಅಂದ್ರೆ ಹೋಗು. ಬೇಡ ಅಂದ್ರೆ ಗುಜರಿಗೆ ಹಾಕಿಬಿಡು, ಆಮೇಲೆ ಆ ಮಾತೇ ಎತ್ತಬಾರದು."

"ಅತ್ತೆ, ನಂದು ಬಾಟನಿ" ಎಂದೆ.

"ಸೈನ್ಸ್ ಹೌದೋ ಅಲ್ವೋ?"

"ಹೌದು."

"ಮತ್ತೆ?"

ಚಂದ್ರು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕುರ್ಚಿಯಲ್ಲಿ ಕೂತ ರೋಗಿಗಳು ಅವನ ಕೈಯಲ್ಲಿರುವ ಇಕ್ಕಳವನ್ನು ಹೇಗೆ ನೋಡುತ್ತಾರೋ ಹಾಗೆ. ಅವನು ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಅದು ಹೂವು ಕಾಯಿ ಬೇರು ಕಲಿಸುವ ಒಬ್ಬ ಮೇಷ್ಟರ ಒಂದು ಮಾತಿಗೆ ನೇತುಬಿದ್ದಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಸುಮಾ ನನಗೆ ಮಾರ್ಗದರ್ಶನ ಮಾಡಿದಳು. "ದಾಕ್ಷಿಣ್ಯಕ್ಕೆ ಹ್ಞೂ ಅಂದುಬಿಡ್ಬೇಡಿ. ನಂಗೆ ಇರೋನು ಒಬ್ಬನೇ ತಮ್ಮ." ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಹಾಗಂತ ಬೇಡ ಅಂತಾನೂ ಅನ್ಬೇಡಿ. ಆಮೇಲೆ ಅವನ ಮುಖ ನೋಡಕ್ಕಾಗಲ್ಲ" ಎಂದಳು. ಇಷ್ಟು ಸ್ಪಷ್ಟವಾದ ಸೂಚನೆ ಸಿಕ್ಕ ಮೇಲೆ ನನಗೆ ಯಾವ ಗೊಂದಲವೂ ಉಳಿಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಪರೀಕ್ಷೆಗೆ ಗೊತ್ತಾದ ಜಾಗ ಸೋಗಾನೆಯ ಆಚೆಗಿನ ಒಂದು ಲೇಔಟು. ಸೋಗಾನೆಗೆ ವಿಮಾನ ಬಂದು ಇಳಿಯತೊಡಗಿದ ಮೇಲೆ ಸುತ್ತಮುತ್ತಲಿನ ಭೂಮಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂದಿದೆ. ಹೊಲಗಳಿದ್ದಲ್ಲಿ ಕಮಾನು ಎದ್ದಿದೆ. ಕಮಾನಿನ ಒಳಗೆ ಕನ್ನಡಿಯಂಥ ಡಾಂಬರು ರಸ್ತೆ, ಬೀದಿದೀಪ, ಉಯ್ಯಾಲೆ ಜಾರುಬಂಡೆ ಇರುವ ಪಾರ್ಕು, ಎಲ್ಲ ಇದೆ. ಮನೆ ಮಾತ್ರ ಒಂದೂ ಇಲ್ಲ. ಇಡೀ ಶಿವಮೊಗ್ಗದಲ್ಲಿ ಗುಂಡಿಯಿಲ್ಲದ ರಸ್ತೆಗಳು ಇರುವುದು ಜನರೇ ಇಲ್ಲದ ಇಂಥ ಜಾಗಗಳಲ್ಲಿ. ಲೇಔಟಿನ ಮಾಲೀಕರ ಮುಂದಿನ ಹಲ್ಲು ಚಂದ್ರುವಿನ ಕೈಚಳಕ. ಅವರು ನಗುತ್ತಲೇ ಒಪ್ಪಿಗೆ ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಸೆಲ್ವಂ ತನ್ನ ತಮ್ಮನ ಗೂಡ್ಸ್ ಗಾಡಿಯ ಮೇಲೆ ಕಾರನ್ನು ಏರಿಸಿಕೊಂಡು ಬಂದ. ಪಾರ್ಕಿನ ಸುತ್ತ ನಾಲ್ಕು ರಸ್ತೆ ಸೇರಿ ಒಂದು ಸುತ್ತಾಗುತ್ತಿತ್ತು. ಅದೇ ನಮ್ಮ ಟ್ರ್ಯಾಕು.

ಹೊರಡುವಾಗ ಅತ್ತೆ ನನ್ನ ಕೈಗೆ ಒಂದು ಚೀಲ ಕೊಟ್ಟಿದ್ದರು. ಅರಿಶಿನ, ಕುಂಕುಮ, ಕರ್ಪೂರ, ನಿಂಬೆಹಣ್ಣು, ಚೆಂಡುಹೂವಿನ ಹಾರ, ತೆಂಗಿನಕಾಯಿ. ಎಲ್ಲಕ್ಕಿಂತ ಕೆಳಗೆ, ನೆತ್ತಿಯಲ್ಲಿ ತೂತು ಕೊರೆದು ಒಳಗೆ ಕುಂಕುಮದ ನೀರು ತುಂಬಿದ ಒಂದು ಬೂದುಗುಂಬಳಕಾಯಿ. "ಹೊಸ ಗಾಡಿ. ಪೂಜೆ ಆಗ್ದೆ ಸ್ಟಾರ್ಟ್ ಮಾಡೋ ಹಾಗಿಲ್ಲ" ಎಂಬ ಆಜ್ಞೆ. ನಮ್ಮ ಕಡೆ ಹೊಸ ಸೈಕಲ್ಲಿಗೂ ಈ ಮರ್ಯಾದೆ ಉಂಟು. ಚಂದ್ರು ಪೂಜೆಗೆ ಬೇಡವೆನ್ನಲಿಲ್ಲ. ಹಾರ ಹಾಕುವಾಗ ಮಾತ್ರ ಕೈಮುಗಿದ. "ಭಾವ, ಮೂತಿ ಮೇಲೆ ಬೇಡ. ಗಾಳಿ ಹರಿಯೋ ಜಾಗ ಅದು." ಕೊನೆಗೆ ಹಾರವನ್ನು ಗೂಡ್ಸ್ ಗಾಡಿಗೆ ಹಾಕಿದೆವು. ನಿಂಬೆಹಣ್ಣು ಚಕ್ರದ ಕೆಳಗೆ ಹೋದವು. ಕರ್ಪೂರ ಗಾಳಿಗೆ ಆರಿ ಆರಿ ಹತ್ತಿತು. ತೆಂಗಿನಕಾಯಿಯೂ ಒಡೆದದ್ದಾಯಿತು. ಉಳಿದದ್ದು ಕುಂಬಳಕಾಯಿ. ಚಂದ್ರು ಆಗಲೇ ಹೆಲ್ಮೆಟ್ಟು, ಬೆಲ್ಟುಗಳ ಒಳಗೆ ಬಂದಿ. ಸೆಲ್ವಂಗೆ ಭುಜದ ನೋವು.

"ನೀವೇ ಹೊಡೀರಿ ಸಾರ್. ಮನೆ ಅಳಿಯ. ನೀವು ಹೊಡೆದ್ರೇನೆ ಕರೆಕ್ಟು" ಎಂದ ಸೆಲ್ವಂ.

ಬೂದುಗುಂಬಳದ ಕುಲಗೋತ್ರ, ಅದರ ಸಿಪ್ಪೆಯ ಮೇಲಿನ ಬೂದಿ ಏಕೆ ಬರುತ್ತದೆ, ಬೀಜ ಹೇಗೆ ಕೂತಿರುತ್ತದೆ, ಎಲ್ಲವನ್ನೂ ನಾನು ಒಂದು ಪೀರಿಯಡ್ ತುಂಬ ಹೇಳಬಲ್ಲೆ. ಒಡೆದದ್ದು ಮಾತ್ರ ಅದೇ ಮೊದಲು. ಕಾರಿನ ಮುಂದೆ ನಿಂತು ಮೂರು ಸಲ ನಿವಾಳಿಸಿ, ಕಣ್ಣುಮುಚ್ಚಿ, ಡಾಂಬರಿಗೆ ಅಪ್ಪಳಿಸಿದೆ. ಅದರಲ್ಲಿ ಅಷ್ಟೊಂದು ಸುಖವಿದೆ ಎಂದು ನನಗೆ ಗೊತ್ತಿರಲಿಲ್ಲ. ಬಿಳಿ ಹೋಳುಗಳು ಕೆಂಪು ನೀರಿನಲ್ಲಿ ದಿಕ್ಕುದಿಕ್ಕಿಗೆ ಹಾರಿದವು. "ಸೂಪರ್ ಸಾರ್! ಏನ್ ಏಟು! ನೀವು ಫ್ಯಾಕ್ಟರೀಲಿ ಇರ್ಬೇಕಾಗಿತ್ತು" ಎಂದ ಸೆಲ್ವಂ. ನಾನು ಉಬ್ಬಿಹೋದೆ. ದೊಡ್ಡ ಹೋಳುಗಳನ್ನು ಬೂಟಿನ ಅಂಚಿನಿಂದ ರಸ್ತೆಯ ಬದಿಗೆ ತಳ್ಳಿದೆ. ಬದಿಗೆ ಎಂದರೆ ಪೂರ್ತಿ ಆಚೆಗಲ್ಲ, ಡಾಂಬರಿನ ಅಂಚಿಗೆ. ಆಯುಧಪೂಜೆಯ ಮಾರನೆಯ ದಿನ ಶಿವಮೊಗ್ಗದ ರಸ್ತೆಗಳಲ್ಲಿ ಎಷ್ಟು ಬೈಕುಗಳು ಈ ಹೋಳುಗಳ ಮೇಲೆ ಜಾರಿ ಬೀಳುತ್ತವೆ ಎಂದು ಪ್ರತಿವರ್ಷ ಮನೆಯಲ್ಲಿ ಭಾಷಣ ಮಾಡುವವನು ನಾನೇ. ಆದರೆ ಅವತ್ತು ಅನ್ನಿಸಿದ್ದು, ಇಲ್ಲಿ ಯಾವ ಬೈಕೂ ಬರುವುದಿಲ್ಲವಲ್ಲ ಎಂದು.

ನನ್ನನ್ನು ಮೊದಲ ತಿರುವಿನಲ್ಲಿ ನಿಲ್ಲಿಸಿದರು. ಕೈಗೆ ಒಂದು ಕೆಂಪು ಟವೆಲ್ಲು. ದನವೋ ನಾಯಿಯೋ ಅಡ್ಡ ಬಂದರೆ ಬೀಸಬೇಕು. ತಿರುವಿನಿಂದ ಸಾಕಷ್ಟು ದೂರ ನಿಂತಿದ್ದೇನೆ ಎಂದೇ ನನ್ನ ಲೆಕ್ಕ. ಮೊದಲ ಸುತ್ತನ್ನು ಚಂದ್ರು ಮದುವೆ ದಿಬ್ಬಣದ ಹಾಗೆ ನಿಧಾನ ಹೋದ. ಎರಡನೆಯದು ಸ್ವಲ್ಪ ಜೋರು. ಆಮೇಲೆ ಅವನು ಬಿಟ್ಟ ನೋಡಿ. ಬೈಕಿನ ಎಂಜಿನ್ನು ಗಂಟಲು ಹರಿದುಕೊಂಡು ಕೂಗಿತು. ನೇರ ರಸ್ತೆಯಲ್ಲಿ ಬಂದ ಕಾರು ನನ್ನ ತಿರುವಿಗೆ ಬಂದಾಗ ನಿಧಾನಿಸುತ್ತದೆ ಎಂದು ನಾನು ಕಾದೆ. ನಿಧಾನಿಸಲಿಲ್ಲ. ಸುಮ್ಮನೆ ತಿರುಗಿತು. ಓಲಾಡಲಿಲ್ಲ, ಕಿರುಚಲಿಲ್ಲ, ಯಾರೋ ದೊಡ್ಡ ಅಂಗೈಯಿಂದ ಅದನ್ನು ನೆಲಕ್ಕೆ ಒತ್ತಿ ಹಿಡಿದು ಸರಿಸಿದ ಹಾಗೆ ತಿರುಗಿತು. ಅದು ಹೋದ ಮೇಲೆ ರಸ್ತೆಯ ಮೇಲಿದ್ದ ಒಣ ಎಲೆಗಳೆಲ್ಲ ಎದ್ದು ಅದರ ಬೆನ್ನು ಹತ್ತಿದವು. ಕೆನ್ನೆಗೆ ಕಚ್ಚಿದ ನಳಿಕೆ ನೆನಪಾಗಿ ನನಗೆ ರೋಮಾಂಚನವಾಯಿತು. ಒಬ್ಬ ಮನುಷ್ಯ ದಿನವಿಡೀ ಊರವರ ದವಡೆ ನೋಡಿ, ಸಂಜೆ ಶೆಡ್ಡಿನಲ್ಲಿ ಕೂತು, ಕಣ್ಣಿಗೆ ಕಾಣದ ಗಾಳಿಯನ್ನು ಹೀಗೆ ಪಳಗಿಸಿದನಲ್ಲ! ಅತ್ತೆಗೆ ಹ್ಞೂ ಎಂದೇ ಹೇಳುವುದು ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಮರುಸುತ್ತಿನಲ್ಲಿ ಕಾರು ಹೊರಟ ಜಾಗವನ್ನು ದಾಟುವಾಗ ತಿರುವಿನ ಅನುಕೂಲಕ್ಕೆಂದು ರಸ್ತೆಯ ಅಂಚಿಗೆ ಒತ್ತಿ ಬಂತು. ಅಲ್ಲಿ ಬೆಳ್ಳಗಿನ ಒಂದೆರಡು ವಸ್ತುಗಳು ನೆಲದಿಂದ ಎದ್ದು, ಕರೆದರೆ ಬರುವ ಬೆಕ್ಕಿನ ಮರಿಗಳ ಹಾಗೆ ಕಾರಿನ ಕೆಳಗೆ ಹೊಕ್ಕವು. ಇದನ್ನು ನಾನು ಸ್ಪಷ್ಟವಾಗಿ ನೋಡಿದೆ. ಅದರ ಅರ್ಥ ಆಗುವಷ್ಟರಲ್ಲಿ ಕಾರು ತಿರುವಿಗೆ ಬಂದಿತ್ತು. ಚಂದ್ರು ಸ್ಟೀರಿಂಗ್ ತಿರುಗಿಸಿದ. ಕಾರು ತಿರುಗಲಿಲ್ಲ. ಒತ್ತಿ ಹಿಡಿದಿದ್ದ ಅಂಗೈಯನ್ನು ಯಾರೋ ತಟ್ಟನೆ ತೆಗೆದ ಹಾಗೆ ಅದರ ಒಂದು ಮಗ್ಗುಲು ಮೇಲೆದ್ದಿತು, ಮತ್ತು ಆ ಕಾರು ನೆಟ್ಟಗೆ ನನ್ನ ಕಡೆ ಬಂತು.

ಈಗ ನಾನು ಏನು ಮಾಡಿದೆ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಓಡಲಿಲ್ಲ. ಕೂಗಲಿಲ್ಲ. ಟವೆಲ್ಲನ್ನು ಮಡಚಿದೆ. ಅಂಚಿಗೆ ಅಂಚು ಸೇರಿಸಿ, ಸುಮಾ ಬಟ್ಟೆ ಒಣಗಿದ ಮೇಲೆ ಮಡಚುತ್ತಾಳಲ್ಲ, ಹಾಗೆ. ಏಕೆಂದು ನನಗೆ ಗೊತ್ತಿಲ್ಲ. ಕಾರು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಹೆಲ್ಮೆಟ್ಟಿನ ಗಾಜಿನ ಹಿಂದೆ ಚಂದ್ರುವಿನ ಕಣ್ಣು ನನ್ನನ್ನು ನೋಡಿದ್ದು ನನಗೆ ಕಂಡಿತು. ನಾನು ದಿನವೂ ಮತ್ತೆ ಮತ್ತೆ ನೋಡುವುದು ಅದನ್ನೇ; ಕಾರನ್ನಲ್ಲ, ಆ ಕಣ್ಣನ್ನು. ಅದರಲ್ಲಿ ಭಯವಿರಲಿಲ್ಲ, 'ಪಕ್ಕಕ್ಕೆ ಸರೀರಿ ಭಾವ' ಎಂಬ ಬೇಡಿಕೆ ಇತ್ತು. ಕಾರು ಪಾರ್ಕಿನ ಅಂಚುಕಲ್ಲು ಹಾರಿ, ಉಯ್ಯಾಲೆಗೂ ಜಾರುಬಂಡೆಗೂ ನಡುವೆ ನುಸುಳಿ, ಹುಲ್ಲಿನ ಮೇಲೆ ಬುಗುರಿಯಂತೆ ತಿರುಗಿ, ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತಿತು. ಎಂಜಿನ್ ಆರಿತು. ದೂರದಲ್ಲಿ ಎಲ್ಲೋ ಒಂದು ಹಸು ಮೇಯುವುದನ್ನು ನಿಲ್ಲಿಸಿ ನೋಡಿತು.

ಆಗ ಕಂಡಿತು ಕೆಂಪು. ಹುಲ್ಲಿನ ಮೇಲೆ ಉದ್ದಕ್ಕೂ ಕೆಂಪು ಗೆರೆ. ಕಾರಿನ ಹೊಟ್ಟೆಯಿಂದ ತೊಟ್ಟು ತೊಟ್ಟು ಕೆಂಪು ತೊಟ್ಟಿಕ್ಕುತ್ತಿದೆ. ನನ್ನ ಕಾಲು ಮುಂದೆ ಹೋಗಲೂ ಇಲ್ಲ, ಹಿಂದೆ ಹೋಗಲೂ ಇಲ್ಲ. ಸೆಲ್ವಂ "ಅಯ್ಯಯ್ಯೋ ಡಾಕ್ಟ್ರೇ!" ಎಂದು ಭುಜದ ನೋವನ್ನೂ ಮರೆತು ಓಡಿಬಂದ. ನಾನು ಸುಮಾಳಿಗೆ ಯಾವ ಮಾತಿನಿಂದ ಶುರುಮಾಡುವುದು ಎಂದು ಯೋಚಿಸುತ್ತಿದ್ದೆ. ಅಷ್ಟು ದೂರ ಹೋಗಿಬಿಟ್ಟಿತ್ತು ಮನಸ್ಸು.

ಹೆಲ್ಮೆಟ್ಟಿನ ಒಳಗಿಂದ ಧ್ವನಿ ಬಂತು. "ಭಾವ, ಅಲ್ಲೇ ಕೂತ್ಕೊಳ್ಳಿ. ಬಾಯಿ ತೆಗೆದು ಉಸಿರಾಡಿ. ಏನೂ ಆಗಿಲ್ಲ." ಹಲ್ಲು ಕೀಳುವ ಮುಂಚೆ ಹೇಳುವ ಅದೇ ಧ್ವನಿ. ನಾನು ವಿಧೇಯನಾಗಿ ಹುಲ್ಲಿನ ಮೇಲೆ ಕೂತು ಬಾಯಿ ತೆಗೆದೆ. ಸೆಲ್ವಂ ಕಾರಿನ ಕೆಳಗೆ ಕೈ ಹಾಕಿ, ಬೆರಳಿಗೆ ಹತ್ತಿದ ಕೆಂಪನ್ನು ಮೂಸಿ ನೋಡಿ, "ಸಾರ್, ಕುಂಕುಮ!" ಎಂದು ಕೂಗಿದ. ಆಮೇಲೆ ಸುರಂಗದ ಇಕ್ಕಟ್ಟಿನಿಂದ ಮುಷ್ಟಿ ಗಾತ್ರದ ಒಂದು ಕುಂಬಳದ ಹೋಳನ್ನೂ, ರಬ್ಬರ್ ಪಟ್ಟಿಯ ಸಂದಿನಿಂದ ಇನ್ನೊಂದನ್ನೂ ಎಳೆದು ತೆಗೆದು ನನ್ನ ಮುಂದೆ ಇಟ್ಟ. ಅವು ನನ್ನ ಹೋಳುಗಳೇ. ನಾನು ಗುರುತು ಹಿಡಿದೆ.

"ಒಂದು ಸುರಂಗ ಕಟ್ಟಿಕೊಳ್ತು, ಪಟ್ಟಿ ಎದ್ದು ಪಕ್ಕದಿಂದ ಗಾಳಿ ನುಗ್ತು. ಅಷ್ಟೇ ಭಾವ" ಎಂದ ಚಂದ್ರು. "ನೆಲ ನೋಡ್ದೇ ಹೊರಟಿದ್ದು ನಂದೇ ತಪ್ಪು." ಮಾತು ಶಾಂತವಾಗಿತ್ತು. ಆದರೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಅವನಿಗೆ ಆಗುತ್ತಿರಲಿಲ್ಲ. ಕೂದಲೆಳೆಯಷ್ಟು ತೆಳುವಾದ ಸೂಜಿಯನ್ನು ಹಲ್ಲಿನ ಬೇರಿನ ತುದಿಗೆ ಇಳಿಸುವ ಆ ಬೆರಳುಗಳು ಗುಂಡಿ ಸಿಗದೆ ತಡಕಾಡುತ್ತಿದ್ದವು. ನಾನು ಎದ್ದುಹೋಗಿ ಬಿಚ್ಚಿದೆ.

ವಾಪಸು ಬರುವಾಗ ಮೂವರೂ ಗೂಡ್ಸ್ ಗಾಡಿಯ ಕ್ಯಾಬಿನ್ನಿನಲ್ಲಿ. ಚೆಂಡುಹೂವಿನ ಹಾರ ಗಾಜಿನ ಮುಂದೆ ಉಲ್ಲಾಸದಿಂದ ಕುಣಿಯುತ್ತಿತ್ತು. ಸೆಲ್ವಂ ಹೇಳಿದ: "ಸಾರ್, ನಾಯಿ ಅಡ್ಡ ಬಂತು ಅಂದ್ಬಿಡಿ. ಅಮ್ಮಾ ನಂಬ್ತಾರೆ. ನಾಯಿ ಅಂದ್ರೆ ಎಲ್ಲಾರೂ ನಂಬ್ತಾರೆ."

"ಸುಳ್ಳು ಬೇಡ ಸೆಲ್ವಂ" ಎಂದ ಚಂದ್ರು. "ಸುಳ್ಳು ಹೇಳಿ ಹೋದ್ರೆ ಅಲ್ಲಿ ಒಂದೊಂದು ತಿರುವಿನಲ್ಲೂ ಅದೇ ತಲೇಲಿರುತ್ತೆ. ಭಾವ ಏನು ನೋಡಿದ್ರೋ ಅದನ್ನೇ ಹೇಳ್ಲಿ. ಬೇಡ ಅಂದ್ರೆ ಬೇಡ, ಮುಗೀತು." ಇಷ್ಟು ಹೇಳಿ ಅವನು ಕಿಟಕಿಯಾಚೆ ನೋಡತೊಡಗಿದ. ಆ ಮನೆಯವರು ಕಷ್ಟ ಬಂದಾಗಲೆಲ್ಲ ಕಿಟಕಿಯಾಚೆ ನೋಡುತ್ತಾರೆ. ನೋಡಲು ಏನಾದರೂ ಇದೆಯೋ ಇಲ್ಲವೋ ಬೇರೆ ಮಾತು.

ನನ್ನ ಸ್ಥಿತಿ ಯೋಚಿಸಿ. ಕಾರಿನಲ್ಲಿ ದೋಷವಿದೆ ಎಂದರೆ ಅದು ಸುಳ್ಳು, ಅವನ ಆಸೆ ಗುಜರಿಗೆ. ಏನೂ ಆಗಲಿಲ್ಲ ಎಂದರೆ ಅದೂ ಸುಳ್ಳು, ಹುಲ್ಲು ಹತ್ತಿದ ನನ್ನ ಪ್ಯಾಂಟೇ ಸಾಕ್ಷಿ ಹೇಳುತ್ತಿತ್ತು. ನಿಜ ಹೇಳಿದರೆ, ಮಗನ ರಕ್ಷಣೆಗೆಂದು ತಾಯಿ ಕೈಯಾರೆ ಕುಂಕುಮ ತುಂಬಿ ಕೊಟ್ಟ ಕುಂಬಳಕಾಯಿಯೇ ಮಗನ ಪ್ರಾಣ ತೆಗೆಯುವುದರಲ್ಲಿತ್ತು ಎಂದು ಆ ತಾಯಿಗೆ ಹೇಳಬೇಕು. ಅದನ್ನು ಹೇಗೆ ಹೇಳುವುದು? ಜನ್ನಾಪುರ ಮುಟ್ಟುವವರೆಗೂ ವಾಕ್ಯಗಳನ್ನು ಕಟ್ಟಿ ಕಟ್ಟಿ ಕೆಡವಿದೆ.

ಮನೆಯಲ್ಲಿ ಕಡುಬಿನ ಹಬೆ ಏಳುತ್ತಿತ್ತು. ಸುಮಾ ನನ್ನ ಪ್ಯಾಂಟಿನ ಹುಲ್ಲನ್ನು ನೋಡಿದಳು. ಅತ್ತೆ ಕಾರಿನ ಮೇಲಿದ್ದ ಹುಲ್ಲನ್ನು ನೋಡಿದರು. "ಏನಾಯ್ತು?" ಎಂದರು. ಕಟ್ಟಿದ್ದ ವಾಕ್ಯಗಳೆಲ್ಲ ಒಟ್ಟಿಗೆ ಓಡಿಹೋದವು. ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ಪಾಠ ಮಾಡುವ ರೀತಿಯಲ್ಲಿ, ಶುರುಮಾಡಿದೆ. ಬೂದುಗುಂಬಳದ ಸಿಪ್ಪೆ ದಪ್ಪ, ಅದರ ಮೇಲೆ ಮೇಣದ ಪದರ, ತಿರುಳು ಹಗುರ, ಹಾಗಾಗಿ ಒತ್ತಡ ಕಮ್ಮಿಯಾದ ಕಡೆಗೆ... ಸುಮಾ, "ರೀ, ನೆಟ್ಟಗೆ ಹೇಳಿ" ಎಂದು ಗದರಿದಳು. ನೆಟ್ಟಗೆ ಹೇಳಿದೆ. ಎಲ್ಲವನ್ನೂ. ಟವೆಲ್ಲನ್ನು ಮಾತ್ರ ಬಿಟ್ಟೆ.

ಅತ್ತೆ ಸೌಟು ಕೆಳಗಿಟ್ಟರು. ಮಗನನ್ನು ಹತ್ತಿರ ಕರೆದು, ದರ್ಜಿ ಅಳತೆ ನೋಡುವ ಹಾಗೆ ಒಂದು ಸುತ್ತು ತಿರುಗಿಸಿ, ಭುಜ, ಕತ್ತು, ಕೈ ಮುಟ್ಟಿ ನೋಡಿದರು. "ನೋವಿದೆಯೇನೋ?"

"ಇಲ್ಲಮ್ಮ."

"ಹಾಗಾದ್ರೆ ಕೂತ್ಕೊ." ಆಮೇಲೆ ನನ್ನ ಕಡೆ ತಿರುಗಿದರು. ನಾನು ಅಳು ನಿರೀಕ್ಷಿಸಿದ್ದೆ. "ಅಳಿಯಂದಿರೇ, ಕುಂಬಳಕಾಯಿ ಒಡೆದವರು ಯಾರು?"

"ನಾನು."

"ಗುಡಿಸಿದವರು ಯಾರು?"

ನಾನು ಚಂದ್ರುವನ್ನು ನೋಡಿದೆ, ಚಂದ್ರು ಸೆಲ್ವಂನನ್ನು ನೋಡಿದ, ಸೆಲ್ವಂ ಕಡುಬಿನ ಪಾತ್ರೆಯನ್ನು ನೋಡಿದ.

"ಒಡೆಯೋದು ಅರ್ಧ ಪೂಜೆ, ಗುಡಿಸಿ ಆಚೆ ಹಾಕೋದು ಇನ್ನರ್ಧ" ಎಂದರು ಅತ್ತೆ. "ದೃಷ್ಟಿ ತೆಗೆದಿದ್ದನ್ನ ಅದೇ ದಾರೀಲಿ ಹರಡಿ, ಅದರ ಮೇಲೇ ನನ್ನ ಮಗನ್ನ ಓಡಿಸಿದ್ರಲ್ಲ ಮಾರಾಯ್ರೆ! ಕಾಲೇಜಲ್ಲಿ ಏನ್ ಹೇಳ್ಕೊಡ್ತೀರಿ ನೀವು?"

ನಾನು ಬೆವೆತೆ. ಆದರೆ ಒಳಗೊಳಗೇ ಒಂದು ದೊಡ್ಡ ಕಲ್ಲು ಇಳಿದ ಹಾಗಾಯಿತು. ಅವರ ದೃಷ್ಟಿಯ ಲೆಕ್ಕಕ್ಕೂ ಮಗನ ಗಾಳಿಯ ಲೆಕ್ಕಕ್ಕೂ ಉತ್ತರ ಒಂದೇ ಬಂದಿತ್ತು: ನೆಲದ ಮೇಲೆ ಅದು ಇರಬಾರದಾಗಿತ್ತು. ಅಪರಾಧಿ ಕಾರೂ ಅಲ್ಲ, ಕುಂಬಳಕಾಯಿಯೂ ಅಲ್ಲ. ಅಪರಾಧಿ ಎದುರಿಗೇ ಕೂತಿದ್ದ.

"ಅದು ಬಿಟ್ರೆ ಕಾರು ಹೇಗಿದೆ?" ಎಂದು ಅತ್ತೆ ಕೇಳಿದರು. ಚಂದ್ರು ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ಇಟ್ಟ.

"ಅತ್ತೆ, ಅದಕ್ಕೆ ಮುಂಚೆ ನಾನು ನೋಡಿದ್ದು ಬಹಳ ಚೆನ್ನಾಗಿತ್ತು" ಎಂದೆ. "ಅಷ್ಟು ಚೆನ್ನಾಗಿ ನೆಲ ಹಿಡಿದು ಹೋಗೋ ಗಾಡೀನ ನಾನು ಜನ್ಮದಲ್ಲಿ ನೋಡಿಲ್ಲ. ಆಮೇಲೆ ಭಯ ಆಯ್ತು. ಇನ್ನೂ ಹೋಗಿಲ್ಲ."

"ಇವ್ರಿಗೆ ಲಿಫ್ಟಲ್ಲೂ ಭಯ ಆಗುತ್ತಮ್ಮ" ಎಂದಳು ಸುಮಾ. ಅವಳ ಕಣ್ಣು ಒದ್ದೆಯಾಗಿತ್ತು.

ಚಂದ್ರು ಮೆಲ್ಲಗೆ ಹೇಳಿದ: "ಅಮ್ಮ, ಸುರಂಗದ ಬಾಯಿಗೆ ಜಾಲರಿ ಹಾಕ್ತೀನಿ. ಪಟ್ಟಿ ಬದಲಾಯಿಸ್ತೀನಿ. ಅಲ್ಲಿ ಬೇರೆ ಕಾರುಗಳು ಹುಲ್ಲು, ಕಲ್ಲು ಎಲ್ಲ ಎಳ್ಕೊಂಡು ಬಂದು ರಸ್ತೆಗೆ ಹಾಕಿರ್ತವೆ. ನಾವು ನಿಲ್ಲಿಸೋ ಜಾಗ, ಹೊರಡೋ ಜಾಗ ಎಲ್ಲಾ ಪ್ರತಿಸಲ ನಾನೇ ಗುಡಿಸಿ ಹೊರಡ್ತೀನಿ."

"ನೀನು ಬೇಡ. ಆ ಹೆಲ್ಮೆಟ್ಟನ್ನ ತಲೆಗೆ ಹಾಕ್ಕೊಂಡ ಮೇಲೆ ನಿಂಗೆ ನೆಲ ಕಾಣಲ್ಲ" ಎಂದರು ಅತ್ತೆ. ಸೌಟು ಮತ್ತೆ ಕೈಗೆ ಬಂತು. "ಹೋಗು. ಪೂಜೆ ಹೊರಡೋ ಹಿಂದಿನ ದಿನ ಇಲ್ಲೇ ಅಂಗಳದಲ್ಲಿ ಆಗ್ಲಿ. ಗುಡಿಸೋದಕ್ಕೆ ಅಳಿಯಂದಿರು ಜೊತೇಲಿ ಬರ್ಲಿ. ಅವರು ಗುಡಿಸಿ, ನೋಡಿ, ಸರಿ ಅಂದಮೇಲೇನೇ ನೀನು ಗಾಡಿ ಬಿಡ್ಬೇಕು. ಪ್ರತಿಸಲ."

ಚಂದ್ರುವಿನ ಮುಖದಲ್ಲಿ ಆಗ ಮೂಡಿದ್ದನ್ನು ನಾನು ವರ್ಣಿಸುವುದಿಲ್ಲ. ಅವನು ಮೂರನೆಯ ಕಡುಬಿಗೆ ಕೈ ಹಾಕಿದ, ಅಷ್ಟು ಹೇಳಿದರೆ ಸಾಕು. ಕಾರಿನ ಬಗ್ಗೆ ತೀರ್ಪು ಕೊಡಲು ಹೋದವನು ನಾನು. ತೀರ್ಪು ಬಂದದ್ದು ನನ್ನ ಮೇಲೆ. ಆ ಕಾರಿನ ಹತ್ತಿರ ಇನ್ನು ಜನ್ಮದಲ್ಲಿ ಸುಳಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಮಾಡಿದ್ದ ಪ್ರತಿಜ್ಞೆಯನ್ನು ಕಡುಬಿನ ಜೊತೆ ನುಂಗಿದೆ.

"ಇವ್ರಾ?" ಎಂದು ಸುಮಾ ಆಕ್ಷೇಪಿಸಿದಳು. "ಪೊರಕೆಯನ್ನ ಯಾವ ತುದೀಲಿ ಹಿಡೀಬೇಕು ಅಂತಾನೂ ಇವ್ರಿಗೆ ಗೊತ್ತಿಲ್ಲಮ್ಮ."

"ಕಲೀಲಿ. ಇನ್ನೂ ಟೈಮಿದೆಯಲ್ಲ."

ಹಾಗಾಗಿ ಈಗ ಶಿವಮೊಗ್ಗದ ನಮ್ಮ ಮನೆಯಲ್ಲಿ ದಿನವೂ ತರಬೇತಿ ನಡೆಯುತ್ತಿದೆ. ಬೆಳಿಗ್ಗೆ ಎದ್ದು ಗೇಟಿನಿಂದ ಮೆಟ್ಟಿಲವರೆಗೆ ಅಂಗಳ ಗುಡಿಸುತ್ತೇನೆ. ಎದುರುಮನೆಯವರು ಮೊದಲೆರಡು ದಿನ ಮನೆಯಲ್ಲಿ ಏನೋ ಜಗಳವಾಗಿರಬೇಕು ಎಂದು ಮುಖ ತಿರುಗಿಸುತ್ತಿದ್ದರು, ಈಗ ತಮ್ಮ ಗೇಟಿನ ಮುಂದೆಯೂ ಸ್ವಲ್ಪ ಎಳೆಯಿರಿ ಎನ್ನುತ್ತಾರೆ. ಸುಮಾ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ಪರಿಶೀಲಿಸುತ್ತಾಳೆ. ಮುಗಿಯಿತು ಎಂದು ನಾನು ನಡು ನೆಟ್ಟಗೆ ಮಾಡಿ ನಿಂತಾಗ, ಅವಳು ಇಳಿದು ಬಂದು, ಕುಂಡದ ಮರೆಯಲ್ಲಿ ಉಳಿದ ಒಂದು ನುಗ್ಗೆ ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮುಖದ ಮುಂದೆ ಹಿಡಿಯುತ್ತಾಳೆ.

"ಇದೊಂದು ಸಾಕು ನನ್ನ ತಮ್ಮನಿಗೆ" ಎನ್ನುತ್ತಾಳೆ.

ನಾನು ಪೊರಕೆ ಎತ್ತಿಕೊಳ್ಳುತ್ತೇನೆ. ಮತ್ತೆ ಗೇಟಿನಿಂದ ಶುರುಮಾಡುತ್ತೇನೆ.